ಸಾಲುಧೂಪದ ಬೀಜ ಫಲಿತಾಂಶಕ್ಕೆ ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ಹೋದ ಮೇ ತಿಂಗಳಲ್ಲಿ ನಮ್ಮ ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುತ್ತಿತ್ತು. ಬಸರಿ ಮರದಿಂದ ಬಿದ್ದ ಕೊಂಬೆಯ ತುಂಬ ಸೀತಾಳೆ ದಂಡೆ ಎಂಬ ಆರ್ಕಿಡ್. ಪಕ್ಕದಲ್ಲೇ ಉಗುರಿನಷ್ಟು ಹೂ ಬಿಟ್ಟ ಇನ್ನೊಂದು ಪುಟ್ಟ ಆರ್ಕಿಡ್. ಮೂವತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸು, "ಇದು ದಂಡೆ ಅಲ್ಲ ಕಣ್ರಮ್ಮ, ಮೇಲಿನ ಕಾಡಲ್ಲಿ ಒಂದೇ ಸಲ ನೋಡಿದ್ದೆ" ಅಂದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಮಗಳನ್ನು ಕರೆದೆ. ಅವಳಿಗೂ ಹೆಸರು ಹೇಳಲಾಗಲಿಲ್ಲ. "ಎರಡು ವರ್ಷದಲ್ಲಿ ನಾವು ಕಾಡಿಗೆ ಹೋಗಿದ್ದು ಎರಡೇ ದಿನ ಅಮ್ಮ" ಅಂದಳು.

ಕೊಂಬೆಯ ಗಿಡಗಳನ್ನು ತೆಂಗಿನ ನಾರಿನಿಂದ ಇನ್ನೊಂದು ಮರಕ್ಕೆ ಕಟ್ಟಿದೆವು. ಸೀತಾಳೆ ಬದುಕಿತು, ಆ ಪುಟ್ಟ ಗಿಡ ಮಳೆಗಾಲ ದಾಟಲಿಲ್ಲ. ಮಗಳು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟಿದ್ದ ಹೂ ಕಂದು ಕಲೆಯಾಗಿತ್ತು. ಆರ್ಕಿಡ್ ಹೂ ಒತ್ತಿದರೆ ಆಕಾರ ಕೆಡುತ್ತದೆ, ಒಂದೆರಡನ್ನು ಸ್ಪಿರಿಟ್‌ನಲ್ಲಿ ಹಾಕಿಡಬೇಕು ಎಂದು ಅವಳಿಗೆ ಆಮೇಲೆ ತಿಳಿಯಿತು. ಅದು ಯಾವ ಗಿಡವೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲಿದ್ದಾಳೆ.

ಹಾಸನ ಗಿಡಮರಗಳ ದಾಖಲೆಯೇ ಇಲ್ಲದ ಜಿಲ್ಲೆಯಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಡ್ಯಾನ್ ನಿಕೋಲ್ಸನ್ ಈ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲೇ ದಪ್ಪನೆಯ ಗ್ರಂಥ ಹೊರತಂದಿದ್ದಾರೆ. ಆದರೆ ಅದನ್ನು ಹಿಡಿದು ಕಾಡಿನಲ್ಲಿ ನಿಂತು ಎಲೆ, ಹೂ ಬಿಡಿಸಿ ನೋಡಲು ಪಕ್ಕದಲ್ಲಿ ಕಲಿಸುವವರು ಬೇಕು. ಅಂದು ಬರೆದಿಟ್ಟ ಗಿಡಗಳಲ್ಲಿ ಇಂದು ಎಷ್ಟು ಉಳಿದಿವೆ ಎಂದು ನೋಡಿಬರಲೂ ಕಲಿತ ಕಣ್ಣು ಬೇಕು.

ಆದ್ದರಿಂದ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೊಸ ಪದವೀಧರರಿಗೆ ಅಪರೂಪದ ಸಸ್ಯಗಳ ಸಂರಕ್ಷಣೆಯಲ್ಲಿ ಒಂದು ಪೂರ್ತಿ ವರ್ಷದ ತರಬೇತಿ ಕೊಡಬೇಕೆಂದು ಅರಣ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯಗಳನ್ನು ಕೇಳಿಕೊಳ್ಳುತ್ತೇನೆ. ಮೂರು ದಿನದ ಕಾರ್ಯಾಗಾರ, ಪ್ರಮಾಣಪತ್ರ, ಗ್ರೂಪ್ ಫೋಟೊ ಸಾಲದು. ನಮ್ಮ ಪಶ್ಚಿಮಘಟ್ಟದ ಕಾಡುಮರ ಸಾಲುಧೂಪದ ಬೀಜವನ್ನೇ ನೋಡಿ. ಮಳೆ ಹಿಡಿಯುವ ಹೊತ್ತಿಗೆ ಉದುರುತ್ತದೆ. ರಾಗಿ, ಭತ್ತದ ಹಾಗೆ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಸಾಯುತ್ತದೆ, ಬಿದ್ದ ಕೆಲವೇ ವಾರಗಳಲ್ಲಿ ಮಣ್ಣು ಸೇರಬೇಕು. ಪರೀಕ್ಷೆ, ಫಲಿತಾಂಶ ಎಲ್ಲ ಮುಗಿಸಿಕೊಂಡು ಬಂದವರಿಗೆ ಆ ವರ್ಷದ ಬೀಜ ಸಿಗುವುದಿಲ್ಲ. ಹೂ, ಕಾಯಿ, ಬೀಜ, ಸಸಿ ನಾಲ್ಕನ್ನೂ ಕಂಡವರಿಗೆ ಮಾತ್ರ ಒಂದು ಮರ ಪೂರ್ತಿ ತಿಳಿಯುತ್ತದೆ.

ಸ್ಟೈಪೆಂಡ್ ಇರಲೇಬೇಕು. ಇಲ್ಲದಿದ್ದರೆ ನನ್ನ ಮಗಳಂಥವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅವರನ್ನು ದೂರುವ ಹಾಗಿಲ್ಲ. ನಮ್ಮ ಕೆಲಸದ ಹೆಂಗಸಿನಂಥವರನ್ನು, ಕಾಡು ಬಲ್ಲ ಅರಣ್ಯ ವಾಚರುಗಳನ್ನು ಸಂಬಳ ಕೊಟ್ಟು ಗುರುಗಳಾಗಿ ಕರೆಯಬೇಕು. 1981ರಲ್ಲಿ ಶುರುವಾದ ವಯನಾಡಿನ ಗುರುಕುಲ ಸಸ್ಯಧಾಮದಲ್ಲಿ ಪಶ್ಚಿಮಘಟ್ಟದ ಅಳಿವಿನಂಚಿನ ಗಿಡಗಳನ್ನು ಸಾಕುತ್ತಿರುವವರಲ್ಲಿ ಸ್ಥಳೀಯ ಹೆಂಗಸರೇ ಮುಂದಿದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳು ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನೂ (ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿವರದ ಪುಸ್ತಕ) ಈ ಯುವಕ ಯುವತಿಯರೇ ಊರೂರು ತಿರುಗಿ ಸರಿಯಾಗಿ ಬರೆಯಬಹುದು.

ನರ್ಸರಿ ಮಾಡಲು ನಮ್ಮ ಹಳ್ಳದ ಪಕ್ಕದ ಅರ್ಧ ಎಕರೆ ಮತ್ತು ಕೆಲಸದವರ ಲೈನ್ ಮನೆಯ ಎರಡು ಕೋಣೆ ಬಿಟ್ಟುಕೊಡಲು ಸಿದ್ಧಳಿದ್ದೇನೆ. ಜೂನ್‌ಗೆ ಮುಂಚೆ ಯಾರಾದರೂ ಬರಲಿ. ತೋಟದ ಮೇಲ್ತುದಿಯ ಸಾಲುಧೂಪ ಈ ಸಲ ಚೆನ್ನಾಗಿ ಕಾಯಿ ಕಟ್ಟಿದೆ.

– ಒಬ್ಬ ಕಾಫಿ ಬೆಳೆಗಾರ್ತಿ, ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು