ಬೇಸ್‌ಬಾಲ್ ಗೇಮ್‌ಗಳ ಹೊಸ ಬೆಲೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಹಳೆಯ ಎಲೆಕ್ಟ್ರಾನಿಕ್ ಬೇಸ್‌ಬಾಲ್ ಗೇಮ್‌ಗಳಿಗೆ ‘ಯಾವುದು ತಗೊಂಡರೂ ಒಂದೇ ರೇಟು’ ಇರುವುದಿಲ್ಲ. ಪ್ರತಿ ಪೀಸನ್ನೂ ಬಿಚ್ಚಿ, ಆಡಿಸಿ ನೋಡುತ್ತೇವೆ. ಯಾವ ಕಂಪನಿಯದು, ಯಾವ ಮಾಡೆಲ್, ಏನೇನು ರಿಪೇರಿ ಆಗಿದೆ ಅಂತ ಚೀಟಿ ಅಂಟಿಸುತ್ತೇವೆ. ಬೆಲೆ ಆಮೇಲೆ. ಕೆಲವುಗಳ ಬೆಲೆ ಇಳಿಯುತ್ತದೆ, ಏರುವುದೇ ಜಾಸ್ತಿ. ಮೊದಲಿನಿಂದ ನಮ್ಮನ್ನು ನಂಬಿ ಬಂದವರಿಗೆ ಇದು ಹೊರೆ ಅಂತ ಗೊತ್ತು. ಅದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ. ಆದರೆ ‘ದುಡ್ಡಿನ ಆಸೆ ಹತ್ತಿತು’ ಅನ್ನುವ ಮಾತು ಕಿವಿಗೆ ಬಿದ್ದಾಗ ಸುಮ್ನೆ ಇರಲು ಆಗಲಿಲ್ಲ.

ಈ ಮಾಲು ಬಳ್ಳಾರಿಯಲ್ಲಿ ಸಿಗುವುದಲ್ಲ. ಅಮೆರಿಕದಿಂದ, ಜಪಾನಿನಿಂದ ಬರಬೇಕು. ಗೇಮ್ ಹಗುರ, ನಿಜ. ಆದರೆ ಒಡೆಯದಂತೆ ಸುತ್ತಿದರೆ ಡಬ್ಬಿ ದೊಡ್ಡದಾಗುತ್ತದೆ. ಕೊರಿಯರ್‌ನವರು ಬರೀ ತೂಕ ನೋಡಲ್ಲ, ಡಬ್ಬಿಯ ಅಳತೆಗೂ ದುಡ್ಡು ಹಾಕುತ್ತಾರೆ. ಅದರ ಮೇಲೆ ಸುಂಕ. ‘ಗಿಫ್ಟ್ ಅಂತ ಬರೆಸಿ ತರಿಸಿ ಅಣ್ಣ’ ಅಂತ ಎಷ್ಟೋ ಜನ ಹೇಳಿದ್ದಾರೆ. 5,000 ರೂಪಾಯಿವರೆಗಿನ ಗಿಫ್ಟ್‌ಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಇದ್ದಿದ್ದರೂ ಮಾರುವ ಮಾಲನ್ನು ಸುಳ್ಳು ಹೆಸರಲ್ಲಿ ತರಿಸುವ ಅಂಗಡಿ ನಮ್ಮದಲ್ಲ. ಈ ಖರ್ಚುಗಳಲ್ಲಿ ಒಂದು ಪೈಸೆಯೂ ನಮ್ಮ ಗಲ್ಲಾಪೆಟ್ಟಿಗೆಗೆ ಬರುವುದಿಲ್ಲ, ಬೈಗುಳ ಮಾತ್ರ ನಮಗೆ.

ಬಂದ ಮೇಲೆ ರಿಪೇರಿ. ವರ್ಷಗಟ್ಟಲೆ ಒಳಗೇ ಬಿಟ್ಟ ಬ್ಯಾಟರಿ ಸೋರಿ ಒಳಗಿನ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಅದನ್ನು ವಿನೆಗರ್ ಹಚ್ಚಿ ತೊಳೆದು, ಒಣಗಿಸಿ, ತುಂಡಾದ ಕಡೆ ತೆಳು ತಂತಿ ಹಾಕಿ ಬೆಸುಗೆ ಮಾಡಬೇಕು. ಎಲ್‌ಸಿಡಿ, ಅಂದರೆ ಕ್ಯಾಲ್ಕುಲೇಟರ್‌ನಂಥ ಪರದೆ ಇರುವ ಗೇಮ್‌ಗಳ ಕಷ್ಟ ಬೇರೆ. ಅವುಗಳ ಗಾಜಿನ ಮೇಲೆ ಪೋಲರೈಸರ್ ಅನ್ನುವ ತೆಳು ಹಾಳೆ ಇರುತ್ತದೆ. ಬಿಸಿಗೆ ಅದು ಕಂದು ಬಣ್ಣಕ್ಕೆ ತಿರುಗಿ, ಆಟಗಾರರೇ ಕಾಣದಂತಾಗುತ್ತದೆ. ನಮ್ಮೂರ ಬೇಸಿಗೆ ಹೇಗಿರುತ್ತೆ ಅಂತ ನಿಮಗೆ ನಾವು ಹೇಳಬೇಕಾ? ಹಳೆಯ ಹಾಳೆ ಕೆರೆದು ತೆಗೆದು ಹೊಸದು ಅಂಟಿಸಲು ಒಂದಿಡೀ ಮಧ್ಯಾಹ್ನ ಬೇಕು. ಗಾಜು ಬಿರುಕು ಬಿಟ್ಟರೆ ಪೀಸ್ ಮುಗಿಯಿತು, ನಷ್ಟ ನಮ್ಮದೇ.

ಈಗ, ಎಲ್ಲರೂ ಕೇಳುವ ಪ್ರಶ್ನೆ. ‘ಏನಣ್ಣ, ಎಲ್ಲಾ ಒಂದೇ ಆಟ ಅಲ್ವಾ? ಕೆಂಪು ಚುಕ್ಕಿ ಓಡುತ್ತೆ, ಅಷ್ಟೇ. ಒಂದಕ್ಕೆ ಒಂದು ರೇಟು, ಇನ್ನೊಂದಕ್ಕೆ ಅದರ ಎರಡು ಪಟ್ಟು ಯಾಕೆ?’

ನಮ್ಮೂರ ಜೀನ್ಸ್ ಪ್ಯಾಂಟನ್ನೇ ನೋಡಿ. ದೂರದಿಂದ ಎಲ್ಲಾ ನೀಲಿ. ಹೊಲಿಗೆ, ವಾಷಿಂಗ್, ಜಿಪ್ ನೋಡಿದವರಿಗೆ ಬೆಲೆ ಅರ್ಥವಾಗುತ್ತದೆ. ಹಾಗೇ ಇದೂ.

ಮ್ಯಾಟೆಲ್ ಕಂಪನಿಯ ಬೇಸ್‌ಬಾಲ್ 1978ರದ್ದು. 1976ರಲ್ಲಿ ಆಟೋ ರೇಸ್ ಅನ್ನುವ ಕಾರ್ ಗೇಮ್‌ನಿಂದ ಶುರುವಾದ ಸಾಲಿನದು. ಅದರಲ್ಲಿ ಚೆಂಡು ಎಸೆಯುವುದು ಯಂತ್ರ. ನಿಮ್ಮ ಕೆಲಸ ಬ್ಯಾಟ್ ಬೀಸುವುದು, ಬೇಸಿನಿಂದ ಬೇಸಿಗೆ, ಅಂದರೆ ಮೈದಾನದ ಒಂದು ಗುರುತಿನಿಂದ ಇನ್ನೊಂದಕ್ಕೆ, ಓಡುವುದು. ಒಬ್ಬರೇ ಕೂತು ಆಡುವವರಿಗೆ ನಾವು ಇದನ್ನೇ ಕೊಡುತ್ತೇವೆ. ಮರುವರ್ಷ, 1979ರಲ್ಲಿ, ಎಂಟೆಕ್ಸ್ ಕಂಪನಿಯ ಬೇಸ್‌ಬಾಲ್ ಬಂತು. ಅದರಲ್ಲಿ ಇನ್ನೊಬ್ಬರು ಚೆಂಡು ಎಸೆಯಬಹುದು. ಎಸೆಯುವ ಬಟನ್‌ಗಳ ಪುಟ್ಟ ತುಂಡು ಹಿಂಭಾಗದ ಖಾನೆಯಲ್ಲಿ ಇರುತ್ತದೆ. ಮಕ್ಕಳ ಕೈಗೆ ಸಿಕ್ಕ ಪೀಸ್‌ಗಳಲ್ಲಿ ಆ ತುಂಡೇ ಕಳೆದುಹೋಗಿರುತ್ತದೆ. ಅದು ಇದ್ದ ಪೀಸಿಗೂ ಇಲ್ಲದ ಪೀಸಿಗೂ ಒಂದೇ ಬೆಲೆ ಹಾಕುವುದು ಯಾವ ನ್ಯಾಯ?

ಅದೇ ಎಂಟೆಕ್ಸ್ ಮೊದಲ ಮಾಡೆಲ್ ಸ್ಕೋರ್ ಲೆಕ್ಕ ಇಡುವುದಿಲ್ಲ. ಕಾಗದದ ಮೇಲೆ ನೀವೇ ಬರೆದುಕೊಳ್ಳಬೇಕು. ‘ಸ್ಕೋರ್ ಬರ್ತಿಲ್ಲ, ಕೆಟ್ಟ ಮಾಲು ಕೊಟ್ಟಿದ್ದೀರಿ’ ಅಂತ ವಾಪಸ್ ತಂದವರು ಇದ್ದಾರೆ. ಅದು ಕೆಟ್ಟಿಲ್ಲ, ಅದನ್ನು ಮಾಡಿದ್ದೇ ಹಾಗೆ. ಅದೇ ಕಂಪನಿಯ ಬೇಸ್‌ಬಾಲ್ 2 ಸ್ಕೋರನ್ನು ತಾನೇ ಇಡುತ್ತದೆ. ಹೆಸರಿನ ಮುಂದೆ ಒಂದು ಅಂಕಿ ಅಷ್ಟೇ ಜಾಸ್ತಿ, ಆಡುವಾಗ ಮಾತ್ರ ಬೇರೆಯೇ ಗೇಮ್. ಚೀಟಿ ಅಂಟಿಸಲು ಹೊರಟಿದ್ದು ಇದಕ್ಕೇ.

ಈ ಗೇಮ್‌ಗಳ ಕೆಂಪು ಚುಕ್ಕಿ ಎಲ್‌ಇಡಿ ಅನ್ನುವ ಪುಟ್ಟ ದೀಪ. ರಾತ್ರಿ ಚೆಂದ, ಬಿಸಿಲಲ್ಲಿ ಕಾಣಲ್ಲ. ಟೈಗರ್ ಕಂಪನಿಯ ಎಲ್‌ಸಿಡಿ ಗೇಮ್‌ಗಳು ಇದಕ್ಕೆ ಉಲ್ಟಾ, ಬಿಸಿಲಲ್ಲಿ ಕಾಣುತ್ತವೆ, ಕತ್ತಲಲ್ಲಿ ಕಾಣಲ್ಲ. ಕ್ಯಾಸೆಟ್ ಹಾಕಿ ಆಡುವ ನಿಂಟೆಂಡೊ ಕಂಪನಿಯ ಕೈ ಯಂತ್ರ ಗೇಮ್‌ಬಾಯ್‌ನ ಬೇಸ್‌ಬಾಲ್ ಕ್ಯಾಸೆಟ್ 1989ರ ಏಪ್ರಿಲ್ 21ರಂದು, ಆ ಯಂತ್ರದ ಜೊತೆಗೇ, ಜಪಾನಿನಲ್ಲಿ ಹೊರಬಂತು. ಎರಡು ಯಂತ್ರಗಳ ನಡುವೆ ಕೇಬಲ್ ಹಾಕಿದರೆ ಇಬ್ಬರು ಆಡಬಹುದು. ಮೇಲೆ ಜಪಾನಿ ಅಕ್ಷರ ಇದ್ದರೆ ಡೂಪ್ಲಿಕೇಟ್ ಅಂತ ಅನುಮಾನ ಬೇಡ. ಜಪಾನಿನ ಕ್ಯಾಸೆಟ್ ಅಮೆರಿಕದ ಗೇಮ್‌ಬಾಯ್‌ನಲ್ಲೂ ನಡೆಯುತ್ತದೆ. ಅಸಲಿಯೋ ನಕಲಿಯೋ ಅಂತ ಒಳಗಿನ ಬೋರ್ಡ್ ನೋಡಿಯೇ ನಾವು ಹೇಳುವುದು.

ಒಂದು ಕಳಕಳಿಯ ಮಾತು. ಅಮೆರಿಕದ ಅಡಾಪ್ಟರ್ ಜೊತೆಗೆ ಬಂದಿದ್ದರೆ ದಯವಿಟ್ಟು ಗೋಡೆಗೆ ಚುಚ್ಚಬೇಡಿ. ಅದು 120 ವೋಲ್ಟಿನದು, ನಮ್ಮದು 230. ಅಡಾಪ್ಟರ್ ಸುಡುತ್ತದೆ, ಗೇಮನ್ನೂ ಹಾಳು ಮಾಡಬಹುದು. ಬ್ಯಾಟರಿಯಲ್ಲೇ ಆಡಿ, ಆಡಿದ ಮೇಲೆ ತೆಗೆದಿಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಮಾತು ಕೊಟ್ಟಿದ್ದೇವೆ, ಬದಲಿಸುವುದಿಲ್ಲ. ಮೊದಲು ನಮ್ಮಲ್ಲಿ ಕೊಂಡ ಗೇಮ್ ತಂದರೆ ಅದು ಯಾವ ಮಾಡೆಲ್ ಅಂತ ನೋಡಿ, ಪುಕ್ಕಟೆ ಚೀಟಿ ಬರೆದು ಕೊಡುತ್ತೇವೆ. ಸಿರುಗುಪ್ಪ, ಸಂಡೂರು, ಗಂಗಾವತಿ ಕಡೆಯಿಂದ ಬರುವವರು ಒಂದು ಫೋನ್ ಮಾಡಿ ಹೊರಡಿ, ಊಟದ ಹೊತ್ತಾದರೂ ಅಂಗಡಿ ಮುಚ್ಚದೆ ಕಾಯುತ್ತೇವೆ. ಭಾನುವಾರ ಸಂಜೆ ಎಲ್ಲ ಮಾಡೆಲ್‌ಗಳನ್ನೂ ಮೇಜಿನ ಮೇಲೆ ಇಟ್ಟಿರುತ್ತೇವೆ. ಒಂದೊಂದನ್ನೂ ಆಡಿ, ಪಕ್ಕಪಕ್ಕ ಇಟ್ಟು ನೋಡಿ, ಕೊಳ್ಳಲೇಬೇಕು ಅಂತೇನಿಲ್ಲ. ಹಳೆಯ ಬಿಲ್ ಕಳೆದಿದ್ದರೂ ಚಿಂತೆ ಬೇಡ. ನಾವು ಬೆಸುಗೆ ಹಾಕಿದ ಪೀಸನ್ನು ಬಿಚ್ಚಿದರೆ ನಮಗೆ ಗುರುತು ಸಿಗುತ್ತದೆ.

ಇಂತಿ,
ನಿಮ್ಮ ಅಂಗಡಿಯವರು
ಕೌಲ್ ಬಜಾರ್, ಬಳ್ಳಾರಿ