ಐದು ನೈರಾ ನೋಟಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಲಾಗೋಸ್ ಕನ್ನಡಿಗರ ಸುದ್ದಿಪತ್ರ ನಾಳೆ ಬೆಳಿಗ್ಗೆ ಹೋಗಬೇಕು, ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಅಕ್ಟೋಬರ್ 1, ನೈಜೀರಿಯಾದ ಸ್ವಾತಂತ್ರ್ಯ ದಿನದ ರಜೆಯಂದು ಮಗಳು ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

ಡ್ರಾಯರಿನಲ್ಲಿ ಸಿಕ್ಕಿದ ಐದು ನೈರಾ ನೋಟು ಹಿಡಿದುಕೊಂಡು ಬಂದಳು. "ಅಪ್ಪಾ, ಈ ತಾತ ಯಾರು?"

"ಇಲ್ಲಿನ ಪ್ರಧಾನಿ ಆಗಿದ್ದವರು."

"ಇಲ್ಲಿ ಪ್ರಧಾನಿ ಎಲ್ಲಿದ್ದಾರೆ? ಅಧ್ಯಕ್ಷರು ಮಾತ್ರ ಅಲ್ವಾ?"

ಅವಳ ಪ್ರಶ್ನೆಗೆ ಹಳೆಯದೊಂದು ದಿನ ನೆನಪಾಯಿತು. ಆಗ ನಾನು ಲಾಗೋಸಿಗೆ ಬಂದ ಹೊಸದು. ಅಬೆಯೊಕುಟಾದಿಂದ ವಾಪಸ್ ಬರುವಾಗ ಇಫೊ ಹತ್ತಿರ ಟೈರು ಪಂಕ್ಚರ್ ಆಯಿತು. ಡ್ರೈವರ್ ವಯಸ್ಸಾದವರು, ಉತ್ತರದ ಬೌಚಿ ಕಡೆಯವರು. ಎಲ್ಲರೂ ಅವರನ್ನು ಬಾಬಾ ಅಂತಲೇ ಕರೆಯುತ್ತಿದ್ದರು. ಸ್ಟೆಪ್ನಿ ಹಾಕಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ರಸ್ತೆಯ ಪಕ್ಕದ ಪೊದೆಗಳನ್ನೇ ನೋಡುತ್ತಾ ನಿಂತರು. "ನಮ್ಮ ಮಾಲಂ ಸಿಕ್ಕಿದ್ದು ಈ ದಾರಿಯಲ್ಲೇ" ಅಂದರು. ಮಾಲಂ ಅಂದರೆ ಉತ್ತರದ ಹೌಸಾ ಭಾಷೆಯಲ್ಲಿ ಮೇಷ್ಟ್ರು. ಅವರು ಹೇಳಿದ್ದು ಆ ನೋಟಿನ ಮೇಲಿರುವ ಅಬುಬಕರ್ ಟಫಾವಾ ಬಲೇವಾ ಅವರ ಬಗ್ಗೆ. ಟಫಾವಾ ಬಲೇವಾ ಅನ್ನುವುದು ಅವರ ಊರಿನ ಹೆಸರೇ, ಅರ್ಥ ಕರಿಕಲ್ಲು ಅಂತ. ನಮ್ಮಲ್ಲಿ ಊರು ಇನಿಷಿಯಲ್ ಆಗುವ ಹಾಗೆ! ಕತ್ಸಿನಾದಲ್ಲಿ ಓದಿ, ಬೌಚಿಯಲ್ಲಿ ಪಾಠ ಮಾಡುತ್ತಿದ್ದವರು 1957ರಲ್ಲಿ ಪ್ರಧಾನಿಯಾದರು. 1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾದಾಗ ಅವರೇ ಮುಂದೆ ನಿಂತಿದ್ದರು. 1963ರಲ್ಲಿ ಗಣರಾಜ್ಯವಾದ ಮೇಲೆ ಆಜಿಕಿವೆ ಅಧ್ಯಕ್ಷರು, ಅಧಿಕಾರ ಮಾತ್ರ ಪ್ರಧಾನಿಯ ಕೈಯಲ್ಲಿ. ನಮ್ಮ ರಾಜೇಂದ್ರ ಪ್ರಸಾದ್, ನೆಹರೂ ಥರಾನೇ. ನೆಹರೂ 1962ರಲ್ಲಿ ಇಲ್ಲಿಗೆ ಬಂದೂ ಇದ್ದರು.

1966ರ ಜನವರಿಯಲ್ಲಿ ರೊಡೇಶಿಯಾ (ಈಗಿನ ಜಿಂಬಾಬ್ವೆ) ವಿಚಾರ ಮಾತಾಡಲು ಕಾಮನ್‌ವೆಲ್ತ್ ಪ್ರಧಾನಿಗಳು ಲಾಗೋಸಿಗೆ ಬಂದಿದ್ದರು. ಕರೆದಿದ್ದು ಬಲೇವಾ. ಸಭೆ ಮುಗಿದು ಮೂರೇ ದಿನ, 15ರಂದು ದಂಗೆ ಎದ್ದ ಸೈನಿಕರು ಅವರನ್ನು ಮನೆಯಿಂದ ಹೊತ್ತೊಯ್ದರು. ಕೆಲವು ದಿನಗಳ ಮೇಲೆ ಈ ರಸ್ತೆ ಬದಿಯಲ್ಲಿ ಹೆಣ ಸಿಕ್ಕಿತು. ಬಾಬಾ ಅಷ್ಟು ಹೇಳಿ ಸುಮ್ಮನೆ ಕಾರು ಹತ್ತಿದರು. ಲಾಗೋಸ್ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಆ ಕುರ್ಚಿ ಯಾರಿಗೂ ಸಿಗಲಿಲ್ಲ. 1979ರ ಸಂವಿಧಾನ ಎಲ್ಲವನ್ನೂ ಅಧ್ಯಕ್ಷರಿಗೆ ಕೊಟ್ಟಿತು. 2024ರಲ್ಲಿ 60 ಸಂಸದರು ಪ್ರಧಾನಿ ಪದ್ಧತಿ ವಾಪಸ್ ಬರಲಿ ಅಂತ ಮಸೂದೆ ತಂದರು. ಬರಬೇಕೋ ಬೇಡವೋ, ಅದು ಇಲ್ಲಿಯ ಜನ ತೀರ್ಮಾನಿಸುವ ಮಾತು. ನನಗೆ ಕಾಡುವುದು ಆ ಮೇಷ್ಟ್ರು. ಲಾಗೋಸಿನಲ್ಲಿ ಅವರ ಹೆಸರಿನ ಚೌಕದ ಬಿಳಿ ಕುದುರೆ ಪ್ರತಿಮೆಗಳ ಮುಂದೆ ಎಷ್ಟು ಸಲ ಫೋಟೊ ತೆಗೆಸಿಕೊಂಡಿದ್ದೇವೆ, ಮಕ್ಕಳಿಗೆ ಒಂದು ಸಲವಾದರೂ ಅವರ ಕಥೆ ಹೇಳಿದ್ದೇವಾ?

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಮೊದಲ ಭಾನುವಾರ. ಹಾಡುವ ಮಕ್ಕಳ ಹೆಸರು ಈ ಶುಕ್ರವಾರದೊಳಗೆ ಕೊಡಿ. ಊರಿಂದ ಬರುವವರು ಬಿಸಿಬೇಳೆ ಬಾತ್ ಪುಡಿ ತನ್ನಿ, ಕಳೆದ ಸಲ ಸಾಲಲಿಲ್ಲ. ಚಂದಾ ಬಾಕಿ ಇರುವವರು ದಯವಿಟ್ಟು ನೆನಪಿಡಿ.

ಮತ್ತೊಂದು ವಿಷಯ. ನಮ್ಮ ಶನಿವಾರದ ಕನ್ನಡ ತರಗತಿ ನಡೆಸುವ ಅಕ್ಕ ಡಿಸೆಂಬರಿಗೆ ಊರಿಗೆ ಹೊರಟಿದ್ದಾರೆ. ಹನ್ನೊಂದು ಮಕ್ಕಳಿದ್ದಾರೆ, ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾರೆ. ವಾರಕ್ಕೆ ಒಂದೂವರೆ ಗಂಟೆ ಸಾಕು, ಯಾರಾದರೂ ಬನ್ನಿ. ಬೋರ್ಡು, ಸೀಮೆಸುಣ್ಣ ನಮ್ಮ ಮನೆಯಲ್ಲೇ ಇವೆ.