ಕಿಟಕಿ ಇಲ್ಲದ ಹಡಗು

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ನಿನ್ನ ಮಗಳು "ಸಬ್‌ಮರೀನ್‌ಗೆ ಕಿಟಕಿ ಇರುತ್ತಾ ಮಾಮ?" ಅಂತ ಕೇಳಿದಳು. ಇಲ್ಲ ಪುಟ್ಟಿ ಅಂದು ಸುಮ್ಮನಾದೆ. ಆದರೆ ಅವಳ ಪ್ರಶ್ನೆ ಅಷ್ಟು ಚಿಕ್ಕದಲ್ಲ ಕಣೋ. ಭಾನುವಾರ ಇಲ್ಲಿ ವಿಶಾಖಪಟ್ಟಣದ ಬೀಚಿನಲ್ಲಿರುವ ಕುರ್ಸುರಾ ನೋಡಲು ಮತ್ತೊಮ್ಮೆ ಹೋದೆ. 1969ರಿಂದ 2001ರವರೆಗೆ ನಮ್ಮ ನೌಕಾಪಡೆಯಲ್ಲಿದ್ದ ಸಬ್‌ಮರೀನ್ ಅದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಗುಂಡಗಿನ ಬಾಗಿಲು. ಮೊದಲು ಕಾಲು ಹಾಕಿ, ತಲೆ ತಗ್ಗಿಸಿ, ಆಮೇಲೆ ಮೈ ತೂರಿಸಬೇಕು. ಎರಡೂ ಕಡೆ ಪೈಪು, ವಾಲ್ವು, ಮೀಟರು. ನೀರಿನ ಮೇಲೆ ಇಣುಕಿ ನೋಡುವ ಕೊಳವೆ, ಅಂದರೆ ಪೆರಿಸ್ಕೋಪ್ ಇದೆ, ಆದರೆ ಅದು ನೀರಿನ ಮೇಲ್ಭಾಗಕ್ಕೆ ಬಂದಾಗ ಮಾತ್ರ. ಆಳಕ್ಕೆ ಇಳಿದ ಮೇಲೆ ಕಿವಿಯೇ ಕಣ್ಣು.

ಸಬ್‌ಮರೀನ್ ತಾನೇ ಸದ್ದು ಬಿಟ್ಟು, ಮರುದನಿ ಕೇಳಿ ಎದುರಿಗೆ ಏನಿದೆ ಅಂತ ತಿಳಿಯಬಹುದು. ಇದಕ್ಕೆ ಸೋನಾರ್ ಅನ್ನುತ್ತಾರೆ. ಆದರೆ ಆ ಸದ್ದು ಶತ್ರುವಿಗೂ ಕೇಳುತ್ತದೆ. ಹಾಗಾಗಿ ಹೆಚ್ಚಿನ ಹೊತ್ತು ಬಾಯಿ ಮುಚ್ಚಿಕೊಂಡೇ ಹೋಗುತ್ತಾರೆ. ಹಡಗಾದರೆ ಎಂಜಿನ್ ಸದ್ದು ಬರುತ್ತದೆ, ತಿಮಿಂಗಿಲ ಹಾಡುತ್ತದೆ. ನೀರೊಳಗಿನ ಬೆಟ್ಟ ಏನು ಸದ್ದು ಮಾಡುತ್ತದೆ ಹೇಳು?

2005ರ ಜನವರಿ 8ರಂದು ಹೀಗೇ ಆಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಅಣುಶಕ್ತಿಯ ಸಬ್‌ಮರೀನ್ ಗುವಾಮ್ ದ್ವೀಪದಿಂದ ಹೊರಟಿತ್ತು. ಸುಮಾರು 160 ಮೀಟರ್ ಆಳ, ಪೂರ್ತಿ ವೇಗ. ಊಟದ ಹೊತ್ತಿಗೆ ಸಮುದ್ರದೊಳಗಿನ ಬೆಟ್ಟಕ್ಕೆ ನೇರ ಗುದ್ದಿತು. ನಿಂತವರು, ಕೂತವರು ಎಲ್ಲರೂ ಮುಂದಕ್ಕೆ ಎಗರಿ ಬಿದ್ದರು. 98 ಜನಕ್ಕೆ ಗಾಯ. 24 ವರ್ಷದ ಒಬ್ಬ ನಾವಿಕ ಮರುದಿನ ತೀರಿಕೊಂಡ. ಮೂತಿ ನುಜ್ಜುಗುಜ್ಜಾದರೂ ಜನರಿರುವ ಒಳಗಿನ ಉಕ್ಕಿನ ಗೋಡೆ ಒಡೆಯಲಿಲ್ಲ. ಅದಕ್ಕೇ ಮೇಲೆ ಬಂದು ಗುವಾಮ್ ಮುಟ್ಟಿತು.

ನನಗೆ ಸಂಕಟ ಆಗುವುದು ಇಲ್ಲಿ. ಅವರು ಹರಡಿಕೊಂಡಿದ್ದ ನಕಾಶೆಯಲ್ಲಿ ಆ ಜಾಗ ಖಾಲಿ. ಹಡಗಿನಲ್ಲೇ ಇದ್ದ ಬೇರೆ ನಕಾಶೆಯಲ್ಲಿ, ಅಲ್ಲೇ ಹತ್ತಿರದಲ್ಲಿ, ನೀರಿನ ಬಣ್ಣ ಬೇರೆ ಇದೆ ಎಂಬ ಗುರುತಿತ್ತು. ಕೆಳಗೆ ಆಳ ಕಡಿಮೆ ಇರಬಹುದು ಎಂಬ ಸುಳಿವು ಅದು. ಯಾರೋ ಎಂದೋ ಕಣ್ಣಾರೆ ಕಂಡು ಬರೆಸಿದ ಒಂದು ಸಾಲು. ಅದನ್ನು ಬಳಸುತ್ತಿದ್ದ ನಕಾಶೆಗೆ ಇಳಿಸಿಕೊಂಡಿದ್ದರೆ ಆ ಹುಡುಗ ಉಳಿಯುತ್ತಿದ್ದನೇನೋ, ಅಲ್ವಾ?

ಸಮುದ್ರದ ತಳದಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಇವತ್ತಿಗೂ ಸೋನಾರ್‌ನಿಂದ ಸರಿಯಾಗಿ ಅಳೆದದ್ದು. ಉಳಿದದ್ದು ಹೆಚ್ಚಾಗಿ ಉಪಗ್ರಹದ ಅಂದಾಜು. ಅದು ಹೇಗೆ ಅಂತ ಮಗಳಿಗೆ ಹೇಳು, ಖುಷಿ ಪಡುತ್ತಾಳೆ. ತಳದಲ್ಲಿ 2,000 ಮೀಟರ್ ಎತ್ತರದ ಬೆಟ್ಟ ಇದ್ದರೆ, ಅದು ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೇಲೆ ಸಮುದ್ರವೇ ಸುಮಾರು 2 ಮೀಟರ್ ಉಬ್ಬುತ್ತದೆ! ಹಡಗಿನಲ್ಲಿ ಹೋಗುವವರಿಗೆ ಗೊತ್ತೇ ಆಗದ ಆ ಉಬ್ಬನ್ನು ಉಪಗ್ರಹ ಅಳೆಯುತ್ತದೆ. ಆದರೆ ಸಣ್ಣ ಬೆಟ್ಟಗಳು ಅದರ ಕಣ್ಣಿಗೂ ತಪ್ಪಿಹೋಗುತ್ತವೆ.

ರಜೆಗೆ ಎಲ್ಲರೂ ಬನ್ನಿ. ಆ ಗುಂಡು ಬಾಗಿಲನ್ನು ಅವಳು ತಲೆ ತಗ್ಗಿಸದೇ ದಾಟುತ್ತಾಳೆ ನೋಡು.

ನಿನ್ನ,
ಶ್ರೀಧರ